ಶಸ್ತ್ರಚಿಕಿತ್ಸೆಯ ನಂತರದ ನಾಲಿಗೆ: ಕನ್ನಡದ ಮಾತು, ಕನ್ನಡಿಗರ ಊಟ ಮತ್ತು ಚೇತರಿಕೆಯ ಅಳತೆಗೋಲು

ನಾಲಿಗೆಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಚೇತರಿಸಿಕೊಂಡರೆಂದು ಹೇಳುವುದಕ್ಕೆ ವೈದ್ಯಕೀಯ ಬರವಣಿಗೆ ಸಾಮಾನ್ಯವಾಗಿ ಎರಡು ಮಾತುಗಳನ್ನು ಬಳಸುತ್ತದೆ: ಮಾತು ಅರ್ಥವಾಗುತ್ತಿದೆ, ಬಾಯಿಯಿಂದ ಊಟ ಹೋಗುತ್ತಿದೆ. ಯಾವ ಭಾಷೆಯ ಮಾತು, ಯಾರಿಗೆ ಅರ್ಥವಾಗುತ್ತಿದೆ, ಯಾವ ಊಟ, ಎಷ್ಟು ಹೊತ್ತಿನಲ್ಲಿ ಎಂಬ ಪ್ರಶ್ನೆಗಳು ಅಲ್ಲಿ ಹಿಂದೆ ಸರಿಯುತ್ತವೆ. ಕನ್ನಡದಲ್ಲಿ ಬದುಕುವ ರೋಗಿಯ ಮಟ್ಟಿಗೆ ಈ ಪ್ರಶ್ನೆಗಳಿಗೆ ಉತ್ತರವಿರುವುದು ಕನ್ನಡದ ಧ್ವನಿವ್ಯವಸ್ಥೆಯಲ್ಲಿ ಮತ್ತು ಈ ನಾಡಿನ ತಟ್ಟೆಯಲ್ಲಿ ಎಂಬುದು ಈ ಲೇಖನದ ವಾದ. ಬೇರೆ ಭಾಷೆಗೆಂದು, ಬೇರೆ ಅಡುಗೆಮನೆಗೆಂದು ಹುಟ್ಟಿದ ಅಳತೆಗೋಲನ್ನು ಹಾಗೆಯೇ ತಂದಿಟ್ಟರೆ ರೋಗಿಯ ನಿಜವಾದ ಕಷ್ಟವೂ ಅವರಲ್ಲಿ ಉಳಿದಿರುವ ನಿಜವಾದ ಸಾಮರ್ಥ್ಯವೂ ಲೆಕ್ಕಕ್ಕೆ ಸಿಗುವುದಿಲ್ಲ.

ಇದು ಬೆರಳೆಣಿಕೆಯ ಮಂದಿಯ ಸಮಸ್ಯೆಯೇನಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ಪ್ರಕರಣಗಳು 1.4 ಲಕ್ಷಕ್ಕೂ ಹೆಚ್ಚು. 2016-17ರ ವಯಸ್ಕರ ತಂಬಾಕು ಸಮೀಕ್ಷೆ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆಂದೂ, ಶೇ. 21.4 ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆಂದೂ ಹೇಳಿತು. ತಂಬಾಕಿಲ್ಲದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅದೇ ಅಂತರರಾಷ್ಟ್ರೀಯ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ತೀರ್ಮಾನಿಸಿದೆ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ಕರ್ನಾಟಕದಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ಹೇಳದೆ ವಿಧಿಯಿಲ್ಲ.

ಬದುಕುಳಿಯುವವರ ಸಂಖ್ಯೆ ಏರುತ್ತಿರುವುದು ಈ ಚರ್ಚೆಗೆ ಇನ್ನೊಂದು ಕಾರಣ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನಾದ್ಯಂತ ಚಿಕಿತ್ಸೆಯ ಕ್ರಮವನ್ನೇ ಬದಲಿಸಿತು. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕತ್ತಿನ ದುಗ್ಧಗ್ರಂಥಿಗಳನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತೆಗೆದವರಲ್ಲಿ ಮೂರು ವರ್ಷಗಳ ನಂತರ ಶೇ. 80 ಮಂದಿ ಬದುಕಿದ್ದರು. ಗಂಟು ಕಾಣಿಸಿಕೊಂಡರೆ ಮಾತ್ರ ತೆಗೆಯುವುದೆಂದು ಕಾದ ಗುಂಪಿನಲ್ಲಿ ಶೇ. 67.5 ಮಂದಿ. ಈ ಗೆಲುವಿಗೊಂದು ಬೆಲೆಯೂ ಇದೆ. ನಾಲಿಗೆಯ ಚಿಕ್ಕ ಹುಣ್ಣಿಗೆ ಬಂದವರೂ ಈಗ ನಾಲಿಗೆಯ ಜೊತೆಗೆ ಕತ್ತು ಮತ್ತು ಭುಜದ ಆರೈಕೆಯನ್ನೂ ಮಾಡಿಕೊಳ್ಳಬೇಕಾಗುತ್ತದೆ.

ಕೊಯ್ದ ಮೇಲೆ ಬಾಯಿಯೊಳಗೆ

ನಾಲಿಗೆಯಲ್ಲಿ ಎಂಟು ಜೋಡಿ ಸ್ನಾಯುಗಳಿವೆ. ನಾಲ್ಕು ಅದರ ಆಕಾರ ಬದಲಿಸುತ್ತವೆ, ನಾಲ್ಕು ಅದನ್ನು ಮುಂದೆ, ಹಿಂದೆ, ಮೇಲೆ, ಕೆಳಗೆ ಎಳೆಯುತ್ತವೆ. ಹೆಚ್ಚಿನ ಗಡ್ಡೆಗಳು ಹುಟ್ಟುವುದು ನಾಲಿಗೆಯ ಅಂಚಿನಲ್ಲಿ. ಚಿಕ್ಕದಾದರೆ ಸುತ್ತಲಿನ ಒಂದಿಷ್ಟು ಆರೋಗ್ಯವಂತ ಭಾಗದೊಡನೆ ತೆಗೆದು ಹೊಲಿಗೆ ಹಾಕುತ್ತಾರೆ. ಅರ್ಧ ನಾಲಿಗೆ ಹೋಗುವಂತಿದ್ದರೆ ದೇಹದ ಬೇರೆ ಕಡೆಯಿಂದ ಚರ್ಮ, ಕೊಬ್ಬು ಮತ್ತು ರಕ್ತನಾಳಗಳನ್ನು ತಂದು ಕೂಡಿಸುತ್ತಾರೆ; ಹೀಗೆ ತಂದ ಭಾಗವೇ ಫ್ಲ್ಯಾಪ್. ಎದೆಯ ಸ್ನಾಯುವಿನ ಫ್ಲ್ಯಾಪನ್ನು 1979ರಲ್ಲಿ ಸ್ಟೀಫನ್ ಅರಿಯನ್ ವಿವರಿಸಿದರು. ಮುಂಗೈಯ ಚರ್ಮದ ಫ್ಲ್ಯಾಪನ್ನು ಚೀನಾದ ವೈದ್ಯರು 1981ರಲ್ಲಿ ವರದಿ ಮಾಡಿದರು. ಮುಂಗೈ ಚರ್ಮ ತೆಳು, ಬಾಗುತ್ತದೆ. ಹಾಗಾಗಿ ಅರ್ಧ ನಾಲಿಗೆ ಉಳಿದವರಿಗೆ ಅದು ಅನುಕೂಲ. ಪೂರ್ತಿ ನಾಲಿಗೆ ಹೋದವರಿಗೆ ಅಂಗುಳನ್ನು ಮುಟ್ಟುವಷ್ಟು ದಪ್ಪ ಬೇಕಾಗುವುದರಿಂದ ತೊಡೆಯ ಅಥವಾ ಎದೆಯ ಭಾಗವನ್ನು ಬಳಸುತ್ತಾರೆ.

ಹೊಸದಾಗಿ ಕೂಡಿಸಿದ ಭಾಗ ನಾಲಿಗೆಯಂತೆ ಕಂಡರೂ ಚರ್ಮವೇ. ಅದಕ್ಕೆ ರುಚಿಯಿಲ್ಲ, ತನ್ನಷ್ಟಕ್ಕೆ ಚಲನೆಯಿಲ್ಲ, ಮೊದಲ ತಿಂಗಳುಗಳಲ್ಲಿ ಸ್ಪರ್ಶವೂ ಇಲ್ಲದಂತೆಯೇ. ಕೆಲವರಿಗೆ ಅದರ ಮೇಲೆ ಕೂದಲು ಬೆಳೆದು ಗಾಬರಿ ಹುಟ್ಟಿಸುತ್ತದೆ. ಉಂಡಾದ ಮೇಲೆ ಆ ಬದಿಯಲ್ಲಿ ಅನ್ನದ ಅಗುಳು ಕೂತಿದ್ದರೂ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಊಟದ ನಂತರ ಕನ್ನಡಿಯೆದುರು ನಿಂತು ಬಾಯಿ ನೋಡಿಕೊಂಡು, ನೀರು ಮುಕ್ಕಳಿಸಿ, ಬೇಕಾದರೆ ಬೆರಳಿಗೆ ಹತ್ತಿಬಟ್ಟೆ ಸುತ್ತಿ ಒರೆಸಿಕೊಳ್ಳುವುದು ಹಲ್ಲುಜ್ಜಿದಷ್ಟೇ ಸಹಜವಾದ ಅಭ್ಯಾಸವಾಗಬೇಕು. ಇದು ಚಿಕ್ಕ ಸಂಗತಿ ಎನಿಸಬಹುದು. ಬಾಯಿ ವಾಸನೆ ಬರುತ್ತದೆಂಬ ಅಂಜಿಕೆಯೇ ಜನರೊಡನೆ ಬೆರೆಯದಂತೆ ಮಾಡಬಲ್ಲದು ಎಂಬುದನ್ನು ನೆನೆದಾಗ ಅದರ ತೂಕ ತಿಳಿಯುತ್ತದೆ.

ಇಪ್ಪತ್ತೇಳು ವ್ಯಂಜನಗಳು

ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ದೇಹವನ್ನು ವಾದ್ಯವೆಂದೂ ನಾಲಿಗೆಯನ್ನು ಅದನ್ನು ನುಡಿಸುವ ಕೋಲೆಂದೂ ಕಲ್ಪಿಸಿದ. ವ್ಯಾಕರಣಕಾರನ ಈ ಕಲ್ಪನೆ ಶರೀರಶಾಸ್ತ್ರಕ್ಕೆ ದೂರವಾದುದಲ್ಲ. ಇಂದಿನ ವರ್ಣಮಾಲೆಯ 34 ವ್ಯಂಜನಗಳಲ್ಲಿ ನಾಲಿಗೆಯ ನೆರವಿಲ್ಲದೆ ಹುಟ್ಟುವವು ಏಳು ಮಾತ್ರ: ಪವರ್ಗದ ಐದು, ವಕಾರ ಮತ್ತು ಹಕಾರ. ಉಳಿದ 27ಕ್ಕೂ ನಾಲಿಗೆಯ ತುದಿಯೋ ನಡುವೋ ಬುಡವೋ ಏಳಬೇಕು. ಪರಂಪರೆ ‘ಕಂಠ್ಯ’ ಎಂದು ಕರೆದ ಕ, ಗಗಳಿಗೂ ನಾಲಿಗೆಯ ಹಿಂಭಾಗ ಮೃದು ಅಂಗುಳಿಗೆ ತಾಗಲೇಬೇಕು.

ಇಲ್ಲಿ ಇಂಗ್ಲಿಷಿನ ಮಾಪನಗಳು ಕೈಕೊಡುತ್ತವೆ. ಇಂಗ್ಲಿಷಿನಲ್ಲಿ ತಕಾರ-ಟಕಾರಗಳ ಭೇದದಿಂದ, ಲಕಾರ-ಳಕಾರಗಳ ಭೇದದಿಂದ ಪದಗಳು ಬೇರೆಯಾಗುವುದಿಲ್ಲ. ಕನ್ನಡದಲ್ಲಿ ಹತ್ತಿ ಬೇರೆ, ಹಟ್ಟಿ ಬೇರೆ. ಬೆಲೆ-ಬೆಳೆ, ಹಾಲು-ಹಾಳು, ಹುಲಿ-ಹುಳಿ, ಮನೆ-ಮಣೆ ಇವೆಲ್ಲ ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗಿತೋ ಮೇಲಕ್ಕೆ ಮಡಿಚಿ ಅಂಗುಳಿಗೆ ತಾಗಿತೋ ಎಂಬುದರ ಮೇಲೆ ನಿಂತ ಜೋಡಿಗಳು. ಹೀಗೆ ಮಡಿಚಿ ಆಡುವ ಮೂರ್ಧನ್ಯ ಧ್ವನಿಗೆ ತುದಿ ಇದ್ದರಷ್ಟೇ ಸಾಲದು, ಅದು ಹಿಂದಕ್ಕೆ ಸುರುಳಿಯಾಗಬೇಕು. ಅಂಚಿನ ಗಡ್ಡೆ ತೆಗೆಸಿಕೊಂಡವರಲ್ಲಿ ತುದಿ ಉಳಿದಿರಬಹುದು. ಆದರೆ ನಾಲಿಗೆಯ ಕೆಳಗಿನ ಗಾಯ ಮಾಯುತ್ತ ಬಿಗಿದುಕೊಂಡು, ರೇಡಿಯೇಷನ್ನಿನಿಂದ ಇನ್ನಷ್ಟು ಗಡುಸಾಗಿ, ತುದಿಯನ್ನು ಕೆಳಗೆ ಕಟ್ಟಿಹಾಕುತ್ತದೆ. ಅವರ ತಕಾರ ಸ್ಪಷ್ಟವಾಗಿದ್ದು ಟಕಾರ ಹೋಗಿರುತ್ತದೆ. ಇಂಗ್ಲಿಷ್ ಪಟ್ಟಿಯಲ್ಲಿ ಒಳ್ಳೆಯ ಅಂಕ ಪಡೆದರೂ ಇಂಥವರು ಮನೆಯ ಮಾತಿನಲ್ಲಿ ತಡವರಿಸಬಹುದು. ಸಕಾರದ ಕಥೆ ಬೇರೆ. ಅದಕ್ಕೆ ನಾಲಿಗೆಯ ನಡುವೆ ಗಾಳಿ ಹರಿಯುವ ಸಣ್ಣ ತೋಡು ಬೇಕು. ಒಂದು ಬದಿ ಫ್ಲ್ಯಾಪ್ ಆಗಿದ್ದರೆ ಗಾಳಿ ಪಕ್ಕಕ್ಕೆ ಸೋರಿ ಜೊಲ್ಲಿನ ಸದ್ದು ಬರುತ್ತದೆ.

ಪದಗಳಿಗಿಂತ ವ್ಯಾಕರಣಕ್ಕೆ ಬೀಳುವ ಪೆಟ್ಟು ದೊಡ್ಡದು ಎಂದು ನನ್ನ ಅನಿಸಿಕೆ. ಬಂದನು, ಬಂದಳು, ಬಂದರು ಈ ಮೂರರಲ್ಲಿ ಯಾರು ಬಂದದ್ದೆಂದು ಹೇಳುವುದು ನಕಾರ, ಳಕಾರ, ರಕಾರಗಳ ವ್ಯತ್ಯಾಸವೊಂದೇ. ಮೂರೂ ತುದಿನಾಲಿಗೆಯ ಧ್ವನಿಗಳು. ವಿಭಕ್ತಿಗಳಲ್ಲಿ ಅನ್ನು, ಇಂದ, ಅಲ್ಲಿ ಮೂರಕ್ಕೂ ತುದಿ ಬೇಕು; ಗೆ, ಕ್ಕೆಗಳಿಗೆ ಮಾತ್ರ ಹಿಂಭಾಗ ಸಾಕು. ಬಹುವಚನದ ಗಳು, ನಿಷೇಧದ ಇಲ್ಲ, ಅಲ್ಲ ಇವೂ ಅದೇ ಗುಂಪಿನವು. ಹೀಗಾಗಿ ತುದಿ ಕಳೆದುಕೊಂಡವರ ಮಾತಿನಲ್ಲಿ ನಾಮಪದಗಳು ಹೇಗೋ ತಿಳಿದರೂ ಅವುಗಳನ್ನು ಹೆಣೆಯುವ ಪ್ರತ್ಯಯಗಳು ಮಸುಕಾಗುತ್ತವೆ. ಕೇಳುವವರಿಗೆ ಆಸ್ಪತ್ರೆ, ಮಗ, ದುಡ್ಡು ಕೇಳಿಸುತ್ತದೆ. ಮಗನಿಂದ ಬಂತೋ ಮಗನಲ್ಲಿ ಇದೆಯೋ ಮಗನನ್ನು ಕೇಳಬೇಕೋ ಗೊತ್ತಾಗುವುದಿಲ್ಲ. ಬಿಡಿ ಪದಗಳ ಪಟ್ಟಿಯೊಂದನ್ನೇ ಓದಿಸಿ ಅಳೆಯುವ ಪರೀಕ್ಷೆಗೆ ಈ ನಷ್ಟ ಕಾಣುವುದೇ ಇಲ್ಲ.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಎರಡು ಪದಗಳನ್ನು ಹತ್ತಿರದಿಂದ ನೋಡೋಣ: ಬೇಕು, ಬೇಡ. ಬೇ ಎಂಬ ಮೊದಲ ಅಕ್ಷರ ಎರಡರಲ್ಲೂ ಒಂದೇ. ಅದರ ಬಕಾರ ತುಟಿಯದು, ಹೇಗೂ ಬರುತ್ತದೆ. ಆಮೇಲಿನ ವ್ಯಂಜನದಲ್ಲಿ ದಾರಿ ಕವಲಾಗುತ್ತದೆ. ತುದಿ ಹೋದವರಿಗೆ ಡಕಾರ ಹೊರಡದು, ಬುಡದ ಭಾಗ ಹೋದವರಿಗೆ ಕಕಾರ ಹೊರಡದು. ಇಬ್ಬರಲ್ಲೂ ಉಳಿಯುವ ಗುರುತು ಕೊನೆಯ ಸ್ವರ. ಆಡುಮಾತಿನಲ್ಲಿ ನಾವು ಕೊನೆಯ ಉಕಾರವನ್ನು ಸಡಿಲವಾಗಿ ಬಿಡುತ್ತೇವೆ. ರೋಗಿ ಬೇಕೆನ್ನುವಾಗ ತುಟಿಯನ್ನು ಬೇಕೆಂದೇ ದುಂಡಗೆ ಮಾಡಿ ಉಕಾರ ಹಿಡಿದರೆ, ಬೇಡವೆನ್ನುವಾಗ ಬಾಯಿ ತೆರೆದು ಅಕಾರ ಬಿಟ್ಟರೆ, ಮುಖ ನೋಡುತ್ತಿರುವ ನರ್ಸಿಗೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇಂಥ ಉಪಾಯಗಳು ಭಾಷೆಯ ಒಳಗಿನಿಂದಲೇ ಹುಟ್ಟಬೇಕು.

ಕನ್ನಡ ಕೊಡುವ ಅನುಕೂಲಗಳೂ ಇವೆ, ಚಿಕಿತ್ಸಕರು ಅವನ್ನು ಪೂರ್ತಿ ಬಳಸಿಕೊಳ್ಳಬೇಕು. ಹ್ರಸ್ವ-ದೀರ್ಘಗಳ ಭೇದ ಕಾಲದ ಭೇದ. ಬಡಿ-ಬಾಡಿ ಇವುಗಳ ನಡುವೆ ನಾಲಿಗೆ ಎಲ್ಲಿ ತಾಗಿತು ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದೇ ಮುಖ್ಯ. ದ್ವಿತ್ವವೂ ಹಾಗೆಯೇ. ಧ್ವನಿ ಹೊರಡಿಸುವ ಗಂಟಲು ಚೆನ್ನಾಗಿರುವುದರಿಂದ ಈ ಲಯ ರೋಗಿಯ ಕೈಯಲ್ಲೇ ಇದೆ. ಕನ್ನಡದ ಹೆಚ್ಚಿನ ಪದಗಳು ಸ್ವರಾಂತ. ಅಕ್ಷರ ಅಕ್ಷರವಾಗಿ ನಿಧಾನಿಸಿ ಆಡಿದರೂ ಮಾತು ಕೃತಕವೆನಿಸುವುದಿಲ್ಲ. ಬರಹದ ರೂಪವನ್ನು ಪೂರ್ತಿ ಉಚ್ಚರಿಸುವುದರಿಂದಲೂ ಲಾಭವುಂಟು. ‘ಬಂದ್ಲು’ ಎಂದು ಕೂಡಿಸುವ ಬದಲು ‘ಬಂದಳು’ ಎಂದು ಬಿಡಿಸಿ ಹೇಳಿದರೆ ಕೇಳುವವರಿಗೆ ಊಹಿಸಲು ಒಂದು ಸ್ವರ ಹೆಚ್ಚು ಸಿಗುತ್ತದೆ.

ಆದರೆ ಬರಹದ ಕನ್ನಡವನ್ನೇ ಗುರಿಯೆಂದು ಇಟ್ಟುಕೊಳ್ಳುವುದು ತಪ್ಪು. ಹಲವು ಆಡುನುಡಿಗಳಲ್ಲಿ ಣ-ನ, ಳ-ಲ ಭೇದಗಳು ಮೊದಲಿನಿಂದಲೇ ಸಡಿಲ. ಶ, ಷ, ಸಗಳು ಒಂದಾಗಿವೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಕಾರ ಬಿದ್ದುಹೋಗುವುದುಂಟು. ಕಾಯಿಲೆಗೆ ಮುಂಚೆಯೇ ಇಲ್ಲದಿದ್ದ ಭೇದವನ್ನು ಆಮೇಲೆ ಇಲ್ಲವೆಂದು ಗುರುತಿಸಿ ಅದಕ್ಕಾಗಿ ದುಡಿಸುವುದು ರೋಗಿಯ ಶ್ರಮವನ್ನು ಹಾಳುಮಾಡಿದಂತೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದ ಧ್ವನಿಗಳ ಮೇಲೆ ದಶಕಗಳಿಂದ ಕೆಲಸ ಮಾಡಿದೆ. 1972ರ ಹೊತ್ತಿಗೇ ಅಲ್ಲಿ ಕನ್ನಡ ಉಚ್ಚಾರಣಾ ಪರೀಕ್ಷೆ ರೂಪುಗೊಂಡಿತ್ತು. ಆದರೆ ಉಚ್ಚಾರಣಾ ಪರೀಕ್ಷೆ ಸಾಮಾನ್ಯವಾಗಿ ಬಳಕೆಯಾಗುವ, ಮಾತು ಕಲಿಯುತ್ತಿರುವ ಮಗುವಿನ ತೊಡಕು ಬೇರೆ, ಐವತ್ತು ವರ್ಷ ಆಡಿದ ಮಾತನ್ನು ಕಳೆದುಕೊಂಡವರ ತೊಡಕು ಬೇರೆ. ಎರಡನೆಯದಕ್ಕೆ ಪ್ರತ್ಯಯಗಳನ್ನೂ ವಾಕ್ಯಗಳನ್ನೂ ಒಳಗೊಂಡ, ಪ್ರದೇಶಕ್ಕೆ ತಕ್ಕಂತೆ ಹೊಂದಿಸಬಲ್ಲ ಪರೀಕ್ಷೆ ಬೇಕು.

ಅಂಗುಳನ್ನು ಕೆಳಗಿಳಿಸುವ ಹಲ್ಲುಕಟ್ಟಿನಂಥ ಸಾಧನಕ್ಕೂ ಭಾಷೆಗೆ ತಕ್ಕ ಅಳತೆ ಬೇಕೆಂಬ ಮಾತು ಅನ್ವಯಿಸುತ್ತದೆ. ಮೇಲಕ್ಕೇಳಲಾರದ ನಾಲಿಗೆಗೆ ಅಂಗುಳೇ ಇಳಿದು ಬಂದು ತಾಗುವಂತೆ ದಂತವೈದ್ಯರು ಇದನ್ನು ಮಾಡುತ್ತಾರೆ. ಮೃದುವಾದ ಮೇಣದಂಥ ವಸ್ತುವನ್ನು ಅಂಗುಳಿಗೆ ಹಚ್ಚಿ, ರೋಗಿಯಿಂದ ಮಾತಾಡಿಸಿ, ನುಂಗಿಸಿ ಅಚ್ಚು ತೆಗೆಯುತ್ತಾರೆ. ಆ ಹೊತ್ತಿನಲ್ಲಿ ಆಡಿಸುವ ಪದಗಳು ಇಂಗ್ಲಿಷಿನವಾದರೆ ಅಚ್ಚಿನಲ್ಲಿ ಮೂರ್ಧನ್ಯದ ಜಾಗ ಸರಿಯಾಗಿ ಮೂಡದೆ ಹೋಗಬಹುದು. ಅಟ್ಟ, ಹಳ್ಳಿ, ಅಣ್ಣ ಎಂದು ಹೇಳಿಸಿ ತೆಗೆದ ಅಚ್ಚೇ ಕನ್ನಡಿಗರ ಬಾಯಿಗೆ ಹೊಂದುತ್ತದೆ.

ತಟ್ಟೆಯ ಮುಂದೆ

ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಒಂದೆರಡು ವಾರ ಮೂಗಿನ ಮೂಲಕ ಹಾಕಿದ ರೈಲ್ಸ್ ಟ್ಯೂಬೇ ಅನ್ನದ ದಾರಿ. ಜನ ‘ಪೈಪಲ್ಲಿ ಊಟ’ ಎನ್ನುತ್ತಾರೆ. ಆಮೇಲೆ ನುಂಗುವಿಕೆಯ ತಜ್ಞರು ಪರೀಕ್ಷಿಸಿ ಬಾಯಿಯ ಊಟ ಶುರುಮಾಡಿಸುತ್ತಾರೆ. ಅಗಿದದ್ದನ್ನು ಉಂಡೆಗಟ್ಟಿ ಹಿಂದಕ್ಕೆ ತಳ್ಳುವುದು ನಾಲಿಗೆಯ ಕೆಲಸ. ಅದು ನಿಧಾನಿಸಿದಾಗ ತೆಳು ದ್ರವ ಹೇಳದೆ ಕೇಳದೆ ಗಂಟಲಿಗೆ ಜಾರಿ ಶ್ವಾಸನಾಳ ಹೊಗುವ ಅಪಾಯವಿದೆ. ಕೆಮ್ಮು ಬಾರದೆಯೂ ಹೊಗಬಹುದು.

ಆಸ್ಪತ್ರೆಯ ಚೀಟಿಯಲ್ಲಿ ‘ಮೆತ್ತನೆಯ ಆಹಾರ’ ಎಂದಿರುತ್ತದೆ. ಮಂಡ್ಯ, ಹಾಸನ, ತುಮಕೂರಿನ ಮನೆಯಲ್ಲಿ ಮೆತ್ತನೆಯದೆಂದರೆ ಮುದ್ದೆ. ಮುದ್ದೆಯನ್ನು ಅಗಿಯುವಂತಿಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುವುದೇ ಪದ್ಧತಿ. ಹಲ್ಲಿಗೆ ಕೆಲಸವಿಲ್ಲದ್ದರಿಂದ ರೋಗಿಗೆ ಸುಲಭವೆಂದು ಮನೆಯವರು ತಿಳಿಯುತ್ತಾರೆ. ಆದರೆ ಅದರ ಪೂರ್ತಿ ಭಾರ ಬೀಳುವುದು ನಾಲಿಗೆಯ ಮೇಲೆಯೇ. ಅಂಟುವ, ಗಟ್ಟಿ ತುತ್ತನ್ನು ಒಂದೇ ನೂಕಿಗೆ ಹಿಂದಕ್ಕೆ ಕಳಿಸಬೇಕು. ಆರಂಭದ ತಿಂಗಳುಗಳಲ್ಲಿ ಮುದ್ದೆ ಬೇಡ ಎಂದು ಬಿಡಿಸಿ ಬರೆದುಕೊಡಬೇಕು. ಅದೇ ರಾಗಿ ಗಂಜಿಯಾದರೆ ಒಳ್ಳೆಯ ಆಹಾರ. ಅನ್ನ-ಸಾರು ಇನ್ನೊಂದು ಮೋಸದ ತಟ್ಟೆ. ಅಗುಳು ಬಾಯಲ್ಲಿರುವಾಗಲೇ ಸಾರು ಗಂಟಲಿಗೆ ಹರಿಯುತ್ತದೆ. ಘನ ಮತ್ತು ದ್ರವ ಬೆರೆತ ಊಟ ನುಂಗಲು ತುಂಬ ಕಷ್ಟದ್ದು. ಮಿದ್ದ ಮೊಸರನ್ನ ಒಂದೇ ಹದದಲ್ಲಿರುವುದರಿಂದ ಹೆಚ್ಚು ಸುರಕ್ಷಿತ. ಕರಾವಳಿಯ ಕುಚ್ಚಲಕ್ಕಿ ಗಂಜಿಯಲ್ಲಿ ತಿಳಿಯೂ ಅಗುಳೂ ಬೇರೆ ಬೇರೆ ನಿಲ್ಲುವುದರಿಂದ ಅದನ್ನು ರುಬ್ಬಿಯೇ ಕೊಡಬೇಕು. ಉತ್ತರ ಕರ್ನಾಟಕದ ಜೋಳದ ರೊಟ್ಟಿಗೆ ಮರಳುವ ದಾರಿ ಎಲ್ಲಕ್ಕಿಂತ ಉದ್ದ. ಅದಕ್ಕೆ ಬಾಯಿ ತೆರೆಯಬೇಕು, ಅಗಿಯಬೇಕು, ಜೊಲ್ಲು ಬೇಕು. ರೇಡಿಯೇಷನ್ ಅಥವಾ ಜನರ ಮಾತಿನ ‘ಕರೆಂಟ್’ ಈ ಮೂರನ್ನೂ ಕಡಿಮೆ ಮಾಡುತ್ತದೆ.

ದ್ರವದ ಹದ ಅಳೆಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ನುಂಗುವ ತೊಂದರೆಯಿರುವವರ ಆಹಾರಕ್ಕೆ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 0ಯಿಂದ 7ರವರೆಗೆ ಎಂಟು ಮಟ್ಟಗಳನ್ನು ಗೊತ್ತುಮಾಡಿದೆ. ಸೂಜಿಯಿಲ್ಲದ 10 ಮಿ.ಲೀ. ಸಿರಿಂಜು ತೆಗೆದುಕೊಳ್ಳಬೇಕು, ಸೊನ್ನೆಯಿಂದ ಹತ್ತರವರೆಗಿನ ಗುರುತಿನ ಉದ್ದ 61.5 ಮಿ.ಮೀ. ಇರಬೇಕು. ಒಳಗಿನ ಕಡ್ಡಿ ತೆಗೆದು, ತುದಿಗೆ ಬೆರಳಿಟ್ಟು, ಹತ್ತರ ಗೆರೆಯವರೆಗೆ ಮಜ್ಜಿಗೆಯನ್ನೋ ಗಂಜಿಯನ್ನೋ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಬೇಕು. ಉಳಿದದ್ದು 1 ಮಿ.ಲೀ.ಗಿಂತ ಕಡಿಮೆಯಾದರೆ ಅದು ನೀರಿನಷ್ಟು ತೆಳು, ಅಂದರೆ ಸೊನ್ನೆಯ ಮಟ್ಟ. 1ರಿಂದ 4 ಉಳಿದರೆ ಒಂದನೆಯ ಮಟ್ಟ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಹೆಚ್ಚು ಉಳಿದೂ ಒಂದಿಷ್ಟಾದರೂ ಹರಿದಿದ್ದರೆ ಮೂರನೆಯದು. ರಾಗಿ ಗಂಜಿ ಆರಿದಂತೆ ಗಟ್ಟಿಯಾಗುವುದರಿಂದ ಕುಡಿಯುವ ಬಿಸಿಯಲ್ಲೇ ಅಳೆಯಬೇಕು. ‘ಸ್ವಲ್ಪ ಗಟ್ಟಿ ಮಾಡಿ ಕೊಡಿ’ ಎಂಬ ಸಲಹೆಗಿಂತ ‘ಎರಡನೆಯ ಮಟ್ಟ’ ಎಂಬ ಸಲಹೆ ಅಡುಗೆಮನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕತ್ತನ್ನು ಸರಿಯಾಗಿರುವ ಬದಿಗೆ ವಾಲಿಸುವುದು, ಗದ್ದ ಬಗ್ಗಿಸುವುದು ಮುಂತಾದ ಭಂಗಿಗಳು ಒಬ್ಬರಿಗೆ ಹಿತವಾದರೆ ಇನ್ನೊಬ್ಬರಿಗೆ ಅಪಾಯ. ಅವನ್ನು ತಜ್ಞರೇ ನೋಡಿ ಹೇಳಬೇಕು.

ಬಾಯಿ ತೆರೆಯುವಿಕೆ 35 ಮಿ.ಮೀ.ಗಿಂತ ಕಡಿಮೆಯಾದರೆ ಅದನ್ನು ಟ್ರಿಸ್ಮಸ್ ಎನ್ನುತ್ತಾರೆ. ಸ್ವಂತ ಮೂರು ಬೆರಳುಗಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ಎಂದು ನೋಡಿಕೊಳ್ಳಬಹುದು. ಅಡಿಕೆ, ಗುಟ್ಕಾ ಜಗಿದು ಮೊದಲೇ ಬಾಯಿ ಬಿಗಿದವರು ಬಾಯಿ ತೆರೆಯುವ ವ್ಯಾಯಾಮವನ್ನು ಒಂದು ದಿನವೂ ಬಿಡಬಾರದು. ಕತ್ತಿನ ಶಸ್ತ್ರಚಿಕಿತ್ಸೆಯಲ್ಲಿ ಭುಜದ ನರ ಉಳಿದಿದ್ದರೂ ಹಿಗ್ಗಿ ಸುಸ್ತಾಗಿರುತ್ತದೆ. ತಲೆ ಬಾಚಲು, ರವಿಕೆ ತೊಡಲು ಕೈ ಏಳದು. ಇದಕ್ಕೆ ಬೇಗ ಶುರುವಾದ ಫಿಸಿಯೋಥೆರಪಿಯೇ ಮದ್ದು. ರೇಡಿಯೇಷನ್ ಆದ ದವಡೆಯ ಹಲ್ಲನ್ನು ಕ್ಯಾನ್ಸರ್ ವೈದ್ಯರನ್ನು ಕೇಳದೆ ಕೀಳಿಸಬಾರದು, ಎಲುಬು ಕೊಳೆಯುವ ಅಪಾಯವಿದೆ.

ಹೊರಗಿನ ಲೋಕ

ಮುಖ ನೋಡಿ ಆಡುವ ಮಾತಿಗೂ ಫೋನಿನ ಮಾತಿಗೂ ಇಲ್ಲಿ ಅಜಗಜಾಂತರ. ಫೋನಿನಲ್ಲಿ ತುಟಿ ಕಾಣದು, ಸಂದರ್ಭ ಕಾಣದು. ಮನೆಯವರಿಗೆ ಪೂರ್ತಿ ಅರ್ಥವಾಗುವ ಮಾತು ಬಸ್ ಕಂಡಕ್ಟರಿಗೆ, ಬ್ಯಾಂಕಿನ ಕೌಂಟರಿನವರಿಗೆ ಅರ್ಥವಾಗದಿರಬಹುದು. ಹೆಂಡತಿಯೋ ಮಗನೋ ವಾಕ್ಯ ಪೂರ್ತಿಯಾಗುವ ಮೊದಲೇ ಪರವಾಗಿ ಮಾತಾಡಿಬಿಡುವುದು ಪ್ರೀತಿಯಿಂದಲೇ ಆದರೂ ರೋಗಿಯ ಅಭ್ಯಾಸವನ್ನು ಕುಗ್ಗಿಸುತ್ತದೆ. ಪಂಕ್ತಿಯ ಊಟದಲ್ಲಿ ಎಲ್ಲರೂ ಎದ್ದ ಮೇಲೂ ಎಲೆಯ ಮುಂದೆ ಕೂತಿರಬೇಕಾದ ಸಂಕೋಚಕ್ಕೆ ಎಷ್ಟೋ ಮಂದಿ ಮದುವೆಮನೆಗೆ ಹೋಗುವುದನ್ನೇ ಬಿಡುತ್ತಾರೆ. ಚೇತರಿಕೆಯ ಯಾವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದರೂ ಅದರಲ್ಲಿ ಪಂಕ್ತಿಯ ಊಟದ ಪ್ರಶ್ನೆ ಇರಲೇಬೇಕು.

ಕಾನೂನಿನಲ್ಲಿ ಒಂದು ಬಾಗಿಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತಿನ ಅಂಗವೈಕಲ್ಯವನ್ನು ವಿವರಿಸುವಾಗ ಧ್ವನಿಪೆಟ್ಟಿಗೆ ತೆಗೆದಂಥ ಸ್ಥಿತಿಗಳನ್ನು ಉದಾಹರಿಸಿ, ಶಾರೀರಿಕ ಕಾರಣದಿಂದ ಮಾತಿಗಾದ ಶಾಶ್ವತ ಊನವನ್ನು ಒಳಗೊಳ್ಳುತ್ತದೆ. ನಾಲಿಗೆ ಕಳೆದುಕೊಂಡವರು ಈ ವಿವರಣೆಯ ಹೊರಗಿಲ್ಲ ಎಂಬುದು ನನ್ನ ಓದು. ಸೌಲಭ್ಯಕ್ಕೆ ಬೇಕಾದ ಶೇ. 40ರ ಪ್ರಮಾಣವನ್ನು ನಿರ್ಧರಿಸುವಾಗ ಮಾತಿನ ಸ್ಪಷ್ಟತೆಯನ್ನು ಅಳೆಯಬೇಕಾಗುತ್ತದೆ. ಕನ್ನಡದ ಸರಿಯಾದ ಪರೀಕ್ಷೆಯ ಅಗತ್ಯ ಹೀಗೆ ಹಕ್ಕಿನ ಪ್ರಶ್ನೆಯೂ ಆಗುತ್ತದೆ.

ಅಂಥ ಪರೀಕ್ಷೆಯನ್ನು ಭಾಷಾವಿಜ್ಞಾನಿಗಳು, ವಾಕ್ ಚಿಕಿತ್ಸಕರು ಮತ್ತು ಕ್ಯಾನ್ಸರ್ ಶಸ್ತ್ರವೈದ್ಯರು ಒಟ್ಟಿಗೆ ಕೂತು ಕಟ್ಟಬೇಕು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಇದನ್ನು ತಮ್ಮ ಕೆಲಸವೆಂದು ತಿಳಿಯಬೇಕು. ಅದು ಸಿದ್ಧವಾಗುವವರೆಗೆ ಕಾಯದೆ ಪ್ರತಿ ಕುಟುಂಬವೂ ಮಾಡಬಹುದಾದ ಒಂದು ಕೆಲಸವಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ದಿನ ರೋಗಿಯ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ: ಮನೆಯವರ ಹೆಸರುಗಳು, ಊರಿನ ಹೆಸರು, ಒಂದರಿಂದ ನೂರರವರೆಗಿನ ಎಣಿಕೆ, ತಮ್ಮ ಆಡುಮಾತಿನಲ್ಲೇ ಹೇಳಿದ ಹತ್ತು ನಿಮಿಷದ ಯಾವುದಾದರೂ ಸುದ್ದಿ. ಆಮೇಲೆ ಮಾತಿನ ಚಿಕಿತ್ಸೆಗೆ ಹೋಗುವಾಗ ಅದನ್ನು ಜೊತೆಗೆ ಒಯ್ಯಿರಿ.